ಹಾಡು ಇಳಿಸಿರಿ, ಬಕೆಟ್ ಕಳಿಸಿರಿ

ನಮ್ಮ ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಸದ ಗಾಡಿ ನಮ್ಮ ಓಣಿಗೆ ದಿನವೂ ಬರುತ್ತದೆ, ಒಂದು ದಿನವೂ ನಿಲ್ಲುವುದಿಲ್ಲ. ಅದರ ತಲೆಯ ಮೇಲಿನ ಧ್ವನಿವರ್ಧಕದಿಂದ ಒಂದು ಹಾಡು ಕೇಳಿಸುತ್ತದೆ. ಆ ಹಾಡು ಬರೆದವನು ನಾನು. ಗಾಡಿ ನಿಲ್ಲಿಸಿರಿ ಎಂದು ಕೇಳಿ ಕೇಳಿ ಸೋತಿದ್ದೇನೆ. ಹೀಗಾಗಿ ಇವತ್ತು ಬೇರೆಯದನ್ನು ಕೇಳುತ್ತೇನೆ: ಹಾಡು ನಿಲ್ಲಿಸಿರಿ. ಜೊತೆಗೆ, ನಿಮ್ಮ ಕೋಣೆಯಲ್ಲಿರುವ ಒಂದು ನಗ್ಗಿದ ಜರ್ಮನ್, ಅಂದರೆ ಅಲ್ಯೂಮಿನಿಯಂ, ಬಕೆಟ್ಟನ್ನು ವಾಪಸು ಕೊಡಿರಿ. ಅದು ನಮ್ಮ ಓಣಿಯ ಚಾಂದಬೀ ಆಪಾ ಅವರದು. ಹಾಡಿಗೂ ಬಕೆಟ್ಟಿಗೂ ಎತ್ತಣಿಂದೆತ್ತ ಸಂಬಂಧ ಎಂದು ಹುಬ್ಬೇರಿಸಬೇಡಿರಿ. ಸಂಬಂಧ ಕೂಡಿಸಿದವರು ನೀವೇ. ಈ ಮೊದಲು ನಾನು ಬರೆದ ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಗೋಲು ಮುದ್ರೆ ಹೊಡೆಸಿಕೊಂಡು ಗಾಢ ನಿದ್ರೆ ಮಾಡುತ್ತಿವೆ. ಅವುಗಳ ನಿದ್ರೆ ಕೆಡಿಸದೆ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಊರಿನ ಹೆಸರು ಬರೆದಿಲ್ಲ, ಬರೆಯುವುದೂ ಇಲ್ಲ. ಆಳಂದದ ಕಡೆಯವರು ಓದಿದರೆ ಅಫಜಲಪುರದ ಕಡೆಯದಿರಬೇಕು ಅನ್ನಲಿ, ಅಫಜಲಪುರದವರು ಓದಿದರೆ ಜೇವರ್ಗಿಯ ಕಡೆ ಕೈ ತೋರಿಸಲಿ. ಮೂರೂ ಕಡೆಯ ಬಸ್ಸು ಬಂದು ಹೋಗುವ, ಮೂರೂ ಕಡೆಯವರು ಮರೆತುಹೋಗುವ ಊರು ನಮ್ಮದು. ನಾನು ಇಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನಿಗೆ ಈ ಊರಿನಲ್ಲಿ ಮಾಸ್ತರಿಕೆ ಸಿಗದಿದ್ದರೆ ಉಳಿಯುವುದು ಇಂಥದ್ದೇ ಕಸುಬು. ಲಗ್ನಪತ್ರಿಕೆಯ ಕೊನೆಗೆ ಪುಟ್ಟ ಮಕ್ಕಳ ಹೆಸರಿನಲ್ಲಿ ಎರಡು ಸಾಲು ಹಾಕುತ್ತಾರಲ್ಲ, 'ನಮ್ಮ ಮಾಮಾನ ಮದುವಿ, ನೀವು ಬರದಿದ್ರ ಹೆಂಗ ಅದುವಿ' ಎಂಬಂಥದ್ದು, ಅವನ್ನು ಹೊಸೆಯುವವನು ನಾನು. 'ಅದುವಿ' ಎಂದರೇನು ಎಂದು ಇದುವರೆಗೆ ಯಾವ ಬೀಗರೂ ಕೇಳಿಲ್ಲ. ಪ್ರಾಸ ಕೂಡಿದರೆ ನಮ್ಮ ಜನ ಅರ್ಥವನ್ನು ಮಾಫಿ ಮಾಡುತ್ತಾರೆ. ನಿಮ್ಮ ಕಚೇರಿ ನನ್ನನ್ನು ಹುಡುಕಿಕೊಂಡು ಬಂದದ್ದೂ ಬಹುಶಃ ಇದೇ ಕಾರಣಕ್ಕೆ ಇರಬೇಕು.

ಕಳೆದ ವರ್ಷ ಗಾಂಧಿ ಜಯಂತಿಯ ಮುಂಚೆ ನಿಮ್ಮ ಆರೋಗ್ಯ ನಿರೀಕ್ಷಕರು ಅಂಗಡಿಗೆ ಬಂದರು. ಹೊಸ ಗಾಡಿ ಬರುತ್ತಿದೆ, ಅದಕ್ಕೊಂದು ಹಾಡು ಬೇಕು ಅಂದರು. ನಾನು ಚಹಾ ಆರುವುದರೊಳಗೆ ಬರೆದುಕೊಟ್ಟೆ:

ಹಸಿಕಸ ಹಸಿರಿಗೆ, ಒಣಕಸ ನೀಲಿಗೆ,
ಗಾಡಿ ಬಂತು, ಗಾಡಿ ಬಂತು ನಿಮ್ಮ ಬಾಗಿಲಿಗೆ;
ಬೀದಿಗೆ ಬಿಸಾಡದೆ ಗಾಡಿಗೆ ನೀಡಿರಿ,
ಊರಿನ ಅಂದವ ಕಣ್ಣಾರೆ ನೋಡಿರಿ.

ಗಾಂಧಿ ಜಯಂತಿಯ ದಿನ ಗಾಡಿಗೆ ಚೆಂಡುಹೂವಿನ ಹಾರ ಬಿತ್ತು, ನನಗೆ ಶಾಲು ಬಿತ್ತು, ಗಾಲಿಯ ಕೆಳಗೆ ನಿಂಬೆಹಣ್ಣು ಪಚಕ್ಕೆಂದಿತು. ನಿಮ್ಮ ಕೈಯಿಂದಲೇ ಓಣಿಯ ಹೆಣ್ಣುಮಕ್ಕಳಿಗೆ ಹಸಿರು ಚೀಲ, ನೀಲಿ ಚೀಲ ಹಂಚಿದಿರಿ. ಬುಟ್ಟಿ ಕೊಡುತ್ತೇವೆ ಎಂದವರು ಪ್ಲಾಸ್ಟಿಕ್ ಚೀಲ ಕೊಟ್ಟಿರಿ. ಪ್ಲಾಸ್ಟಿಕ್ ಬಳಸಬೇಡಿರಿ ಎಂಬ ಭಾಷಣವನ್ನೂ ಅವೇ ಚೀಲ ಹಿಡಿದುಕೊಂಡು ಮಾಡಿದಿರಿ. ಚೀಲದ ಮೇಲೆ ನನ್ನ ನಾಲ್ಕು ಸಾಲು, ಕೆಳಗೆ 'ಪುರಸಭೆಯ ಪ್ರಕಟಣೆ'. ನನ್ನ ಹೆಸರಿರಲಿಲ್ಲ. ಆಗ ಸ್ವಲ್ಪ ಬೇಜಾರಾಗಿತ್ತು. ಈಗ ಅದೊಂದು ಉಪಕಾರಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಇನ್ನು ಬಕೆಟ್ಟಿನ ಮಾತು.

ನಿಮ್ಮ ಗಾಡಿ ಹುಟ್ಟುವ ಮೊದಲು ನಮ್ಮ ಓಣಿಯಲ್ಲಿ ಹಸಿಕಸ ಎಂಬ ಪದಾರ್ಥವೇ ಇರಲಿಲ್ಲ. ಇದ್ದದ್ದು ಮುಸುರಿ. ಅಕ್ಕಿ ತೊಳೆದ ನೀರು, ಹಿಟ್ಟು ನಾದಿದ ಪರಾತದ ತೊಳೆನೀರು, ಬದನೆಕಾಯಿ ತೊಟ್ಟು, ಸೌತೆಕಾಯಿ ಸಿಪ್ಪೆ, ಮಿಕ್ಕಿದ ತಂಗಳ ರೊಟ್ಟಿ. ಹಿತ್ತಲ ಬಾಗಿಲಲ್ಲಿ ಒಂದು ಗಡಿಗೆಯಲ್ಲಿ ಅದು ಕೂಡುತ್ತಿತ್ತು. ಮುಂಜಾನೆ ಚಾಂದಬೀ ಆಪಾ ಬಕೆಟ್ ಹಿಡಿದು ಮನೆಮನೆಗೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆಯ ಮೇಲೆ ಸಂಸಾರ ಎಳೆದ ಹೆಂಗಸು. ಎಮ್ಮೆಯ ಹೆಸರು ಶಹಜಾದಿ. ಕರಿಯ ಮೈ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ, ನಡಿಗೆ ನಿಮ್ಮ ಮೇಲಧಿಕಾರಿಗಳ ತಪಾಸಣೆಯಂತೆ: ಅವಸರವಿಲ್ಲ, ಯಾರಿಗೂ ದಾರಿ ಬಿಡುವುದಿಲ್ಲ.

"ಮುಸುರಿ ಹಾಕ್ರೇವಾ" ಎಂದು ಅವರು ಕೂಗುತ್ತಿದ್ದರು. ಧ್ವನಿವರ್ಧಕ ಬೇಕಾಗಿರಲಿಲ್ಲ.

ಗಡಿಗೆ ಬಗ್ಗಿಸುವ ಮೊದಲು ಅವರು ಅದರೊಳಗೆ ಕೈಯಾಡಿಸಿ ನೋಡುತ್ತಿದ್ದರು. ಒಮ್ಮೆ ನನ್ನ ಹೆಂಡತಿ ಶಿವಕಾಂತಾಳ ಕಾಲುಂಗುರ ಅದರಲ್ಲಿ ಸಿಕ್ಕಿತ್ತು. "ನಿನ್ನ ಕಾಲುಂಗುರ ನನ್ನ ಶಹಜಾದಿ ಹಾಕ್ಕೊಳ್ಳಂಗಿಲ್ಲ ತಗೊ ಬೇ, ಆಕಿ ಕಾಲು ದಪ್ಪ ಅವ" ಎಂದು ತೊಳೆದು ಕೊಟ್ಟು ಹೋಗಿದ್ದರು. ಇನ್ನೊಂದು ಮಾತು. ಅವರ ಮನೆಯಲ್ಲಿ ಮಾಂಸದಡುಗೆ ಆದ ದಿನ ತಮ್ಮ ಮನೆಯ ಮುಸುರಿಯನ್ನು ತಮ್ಮ ಎಮ್ಮೆಗೇ ಹಾಕುತ್ತಿರಲಿಲ್ಲ. ಯಾಕೆಂದರೆ ಶಹಜಾದಿಯ ಹಾಲು ನಮ್ಮ ಮನೆಗಳಲ್ಲಿ ಲಿಂಗಪೂಜೆಯ ಎಡೆಗೆ ಹೋಗುತ್ತಿತ್ತು. ಹೀಗೆ ಮಾಡಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಮಾಡುತ್ತೇನೆ ಎಂದು ಅವರೂ ಯಾರಿಗೂ ಹೇಳಿರಲಿಲ್ಲ. ಮೂಲದಲ್ಲೇ ವಿಂಗಡಿಸಿರಿ ಎಂದು ನೀವು ಗೋಡೆಗೋಡೆಗೆ ಬರೆಸಿದ್ದೀರಲ್ಲ, ಆ ಗೋಡೆಗಳಿಗೆ ಸುಣ್ಣ ಕಾಣುವ ಮೊದಲಿನ ಪದ್ಧತಿ ಇದು.

ಗಾಡಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಚಾಂದಬೀ ಆಪಾ ಒಂದು ಕಾಗದ ಹಿಡಿದು ನನ್ನ ಅಂಗಡಿಗೆ ಬಂದರು.

"ನಾಗಣ್ಣಾ, ಇದು ಏನು ಬರ್ದಾರ ಜರಾ ಓದಪಾ. ನಿಮ್ಮ ನಿರೀಕ್ಷಕ ಸಾಬ ಕೊಟ್ಟು ಹೋಗ್ಯಾನ. ಲಗ್ನಪತ್ರಿಕಿ ಅಂತೂ ಅಲ್ಲ, ಮಾರಿ ನೋಡಿದ್ರೇ ಗೊತ್ತಾಗ್ತದ."

ಓದಿದೆ. 'ಮನೆಮನೆಯಿಂದ ಹಸಿ ತ್ಯಾಜ್ಯವನ್ನು ಅನಧಿಕೃತವಾಗಿ ಸಂಗ್ರಹಿಸಿ ಸಾಗಿಸುತ್ತಿರುವುದು ಗಮನಕ್ಕೆ ಬಂದಿದ್ದು, ಸದರಿ ಕೃತ್ಯವನ್ನು ಈ ಕೂಡಲೇ ಸ್ಥಗಿತಗೊಳಿಸತಕ್ಕದ್ದು, ತಪ್ಪಿದಲ್ಲಿ ಸಂಗ್ರಹಣಾ ಸಾಮಗ್ರಿಯನ್ನು ಜಪ್ತಿ ಮಾಡಿ ಕ್ರಮ ಜರುಗಿಸಲಾಗುವುದು.' ಕೆಳಗೆ ನಿಮ್ಮ ಸಹಿ.

"ತ್ಯಾಜ್ಯ ಅಂದ್ರ ಏನಪಾ?"

"ಕಸ ಆಪಾ."

ಅವರು ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. "ಮುಸುರಿ ಕಸ ಯಾವಾಗಿಂದ ಆತು?"

ಮಾನ್ಯರೇ, ನಾನು ಪದವೀಧರ. ಪದಕ್ಕೆ ಪದ ಜೋಡಿಸಿ ಹೊಟ್ಟೆ ಹೊರೆಯುವವನು. ಆದರೂ ಈ ಪ್ರಶ್ನೆಯನ್ನು ನಿಮ್ಮ ಕಡೆಗೇ ದಾಟಿಸುತ್ತಿದ್ದೇನೆ. ಉತ್ತರ ಇದ್ದರೆ ದಯವಿಟ್ಟು ಪ್ರಕಟಿಸಿರಿ. ಒಂದು ಎಮ್ಮೆ ನಿತ್ಯ ಉಂಡು ಹಾಲು ಕೊಡುತ್ತಿದ್ದ ಆಹಾರ ಯಾವ ತಾರೀಖಿನಿಂದ ತ್ಯಾಜ್ಯವಾಯಿತು? ಯಾರ ಆದೇಶದಿಂದ? ಆ ಆದೇಶದ ಪ್ರತಿಯನ್ನು ಶಹಜಾದಿಗೂ ಕಳಿಸಿದ್ದಿರಾ?

ಚಾಂದಬೀ ಆಪಾ ನೋಟೀಸನ್ನು ನಂಬಲಿಲ್ಲ. ಯಾರೋ ತಪ್ಪು ತಿಳಿದುಕೊಂಡು ಬರೆದಿರಬೇಕು, ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡು ಮರುದಿನವೂ ಬಕೆಟ್ ಹಿಡಿದು ಬಂದರು. ಗಾಡಿಯೂ ಬಂತು. ಆಗಿನ್ನೂ ಅದು ನಿಲ್ಲುತ್ತಿತ್ತು. ನಿರೀಕ್ಷಕರು ಕೆಳಗಿಳಿದು ಬಕೆಟ್ ಕಸಿದರು. ಅದರಲ್ಲಿದ್ದ ಮುಸುರಿಯನ್ನು ರಸ್ತೆಗೆ ಸುರುವಿ, ಹೌದು, ರಸ್ತೆಗೇ ಸುರುವಿ, ಬಕೆಟ್ಟನ್ನು ಗಾಡಿಗೆ ಎಸೆದರು. ಮೇಲೆ ನನ್ನ ಹಾಡು: ಬೀದಿಗೆ ಬಿಸಾಡದೆ ಗಾಡಿಗೆ ನೀಡಿರಿ. ಆ ದಿನದಿಂದ ಇಂದಿನವರೆಗೆ ಲೆಕ್ಕ ಹಾಕಿದರೆ, ನಿಮ್ಮ ಗಾಡಿ ನಮ್ಮ ಓಣಿಯಿಂದ ಸರಿಯಾಗಿ ಎತ್ತಿಕೊಂಡು ಹೋದ ಏಕೈಕ ವಸ್ತು ಚಾಂದಬೀ ಆಪಾ ಅವರ ಬಕೆಟ್.

ಯಾಕೆಂದರೆ ಅದಾದ ಸ್ವಲ್ಪ ದಿನಕ್ಕೆ ಗಾಡಿ ನಿಲ್ಲುವುದನ್ನು ಬಿಟ್ಟಿತು. ಹಾಡು ಮಾತ್ರ ಬಿಡಲಿಲ್ಲ. ಓಣಿಯ ಆ ತುದಿಯಲ್ಲಿ 'ಹಸಿಕಸ' ಎಂದು ಶುರುವಾದರೆ ಈ ತುದಿಗೆ ಬರುವಾಗ 'ನೋಡಿರಿ' ಎನ್ನುತ್ತದೆ. ನಾವು ನೋಡುತ್ತೇವೆ, ಅದರ ಬೆನ್ನು ಕಾಣುತ್ತದೆ. ಸೆರಗು ಕಟ್ಟಿಕೊಂಡು ಹೆಂಗಸರು, ಲುಂಗಿ ಎತ್ತಿ ಕಟ್ಟಿಕೊಂಡು ಗಂಡಸರು ಚೀಲ ಹಿಡಿದು ಗಾಡಿಯ ಹಿಂದೆ ಓಡುವ ದೃಶ್ಯ ನೀವು ನೋಡಿಲ್ಲ. ನೋಡಿದ್ದರೆ ತಾಲೂಕು ಕ್ರೀಡಾಕೂಟಕ್ಕೆ ನಮ್ಮ ಓಣಿಯ ಹೆಸರು ಬರೆಯುತ್ತಿದ್ದಿರಿ. ಒಂದು ದಿನ ನಾನೂ ಓಡಿದೆ. ಗಾಡಿ ನಡೆಸುವ ಹುಲೆಪ್ಪ ನೆಲೋಗಿಯ ಕಡೆಯವನು, ನನ್ನಲ್ಲೇ ತನ್ನ ತಂಗಿಯ ಲಗ್ನಪತ್ರಿಕೆ ಮಾಡಿಸಿದವನು. ಕಿಟಕಿಯ ಸಮಕ್ಕೆ ಓಡುತ್ತ ಕೇಳಿದೆ.

"ಹುಲೆಪ್ಪಾ, ನಿಂದ್ರಸಲೇ ಗಾಡಿ!"

"ನಿಂದ್ರಸಂಗಿಲ್ರಿ ಅಣ್ಣಾ! ನಿಂತ್ರ ಬಂದ್ ಬೀಳ್ತದ!"

"ಬಂದ್ ಬಿದ್ರ ಮತ್ತ ಚಾಲೂ ಮಾಡು!"

"ಬ್ಯಾಟ್ರಿ ಕುಂತಾದ್ರಿ, ದಬ್ಬಬೇಕಾಗ್ತದ. ಮುಂಜಾನಿ ಆಫೀಸಿನ ಮುಂದಿನ ಇಳಕಲಿನಾಗ ಚಾಲೂ ಮಾಡ್ಕೊಂಡ್ ಬರ್ತೇನಿ. ನಿಮ್ಮ ಓಣಿ ಏರು. ಇಲ್ಲಿ ಯಾರ್ ದಬ್ತೀರಿ?"

"ಹೊಸಾ ಗಾಡಿ, ಬ್ಯಾಟ್ರಿ ಯಾಕ ಕುಂತಾದ?"

"ಗಾಡಿ ಹೊಸಾದು, ಬ್ಯಾಟ್ರಿ ಹಳೀದು ಹಾಕ್ಯಾರ. ಅದರ ಮ್ಯಾಲ ನಿಮ್ಮ ಹಾಡು. ದಿನಾ ಹಾಡೇ ಹಾಡು. ಎಷ್ಟಂತ ತಡೀತದ್ರಿ?"

"ಹಂಗಾರ ಹಾಡು ಬಂದ್ ಮಾಡೋ ಮಾರಾಯಾ!"

"ಹಾಡು ಬಂದ್ ಮಾಡಿದ್ರ ಗಾಡಿ ಬಂದಿಲ್ಲಂತ ಆಫೀಸಿನವರು ಬರೀತಾರ್ರಿ. ಕಸ ಎತ್ತಲಿಲ್ಲಂದ್ರ ಯಾರೂ ಕೇಳಂಗಿಲ್ಲ, ಹಾಡು ಕೇಳಿಸಲಿಲ್ಲಂದ್ರ ನೋಟೀಸ್!" ಎಂದವನು ಗೇರು ಬದಲಿಸುತ್ತ ಒಂದು ಮಾತು ಸೇರಿಸಿದ: "ಆದ್ರೂ ಚೊಲೊ ಬರ್ದೀರಿ ಬಿಡ್ರಿ ಅಣ್ಣಾ, ನನ್ನ ಮಗಳಿಗೆ ಪೂರಾ ಬಾಯಿಪಾಠ ಆಗ್ಯಾದ!"

ಅಲ್ಲಿಗೆ ನನ್ನ ಉಸಿರು ಮುಗಿಯಿತು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ. ಮನೆಗೆ ಬಂದರೆ ಶಿವಕಾಂತಾ ಬಾಗಿಲಲ್ಲಿ ಕಾಯುತ್ತಿದ್ದಳು. ಇಷ್ಟು ವರ್ಷ ಪ್ರಾಸದವನ ಜೊತೆ ಬಾಳಿದ ಹೆಂಗಸು, ಅವಳಿಗೂ ಸ್ವಲ್ಪ ಅಂಟಿದೆ:

"ಹಾಡು ಬಂತು ನಿಂದ್ರಲಿಲ್ಲ, ಗಾಡಿ ಬಂತು ಕಾಣಲಿಲ್ಲ, ಕವಿ ನಮ್ಮ ಮನಿಯಾಗ್ ಅದಾನ, ಕಸಾನೂ ಎಲ್ಲೂ ಹೋಗಲಿಲ್ಲ!"

ಈಗ ನಮ್ಮ ಓಣಿಯಲ್ಲಿ ಈ ಹಾಡೇ ನಡೆಯುತ್ತಿದೆ. ನಿಮ್ಮದನ್ನು ಯಾರೂ ಹಾಡುವುದಿಲ್ಲ.

ಮಾನ್ಯರೇ, ಇಲ್ಲಿಯವರೆಗಿನದಕ್ಕೆ ನಗುವುದಿದ್ದರೆ ನಕ್ಕುಬಿಡಿರಿ. ಮುಂದಿನದು ನಗುವಂಥದ್ದಲ್ಲ.

ಓಡುವ ಗಾಡಿಗೆ ಗಡಿಗೆಯಿಂದ ಮುಸುರಿ ಸುರಿಯಲಾಗುವುದಿಲ್ಲ. ಹೀಗಾಗಿ ಹೆಂಗಸರು ಅದನ್ನು ನಿಮ್ಮ ಹಸಿರು ಚೀಲದಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿ, ಗುರಿಯಿಟ್ಟು ಎಸೆಯತೊಡಗಿದರು. ಕೆಲವು ಗಾಡಿಯೊಳಗೆ ಬೀಳುತ್ತಿದ್ದವು. ಉಳಿದವು ಓಣಿಯ ತಿರುವಿನಲ್ಲಿ, ಗಾಡಿ ವೇಗ ಹೆಚ್ಚಿಸುವ ಜಾಗದಲ್ಲಿ ಬೀಳುತ್ತಿದ್ದವು. ತಿರುವಿನಲ್ಲಿ ಯಾರ ಮನೆ ಇದೆ ಗೊತ್ತೇ? ಚಾಂದಬೀ ಆಪಾ ಅವರದು. ಬಾಗಿಲ ಪಕ್ಕಕ್ಕೆ ಶಹಜಾದಿಯ ಕೊಟ್ಟಿಗೆ. ಅಲ್ಲಿ ಗುಡ್ಡೆ ಬೆಳೆಯಿತು. ನಾವು ಫೋನಿನಲ್ಲಿ ದೂರು ಕೊಟ್ಟೆವು. ನಿಮ್ಮ ಜನ ಬಂದರು, ಗುಡ್ಡೆಯ ಸುತ್ತ ಬಿಳಿ ಪುಡಿಯಿಂದ ಅಂದವಾದ ಗೆರೆ ಹಾಕಿದರು, ನಡುವೆ 'ಇಲ್ಲಿ ಕಸ ಹಾಕಬಾರದು' ಎಂಬ ಫಲಕ ನೆಟ್ಟರು, ಫೋಟೊ ಹೊಡೆದುಕೊಂಡರು, ಹೋದರು. ಗುಡ್ಡೆ ಅಲ್ಲೇ ಇತ್ತು. ಸಂಜೆಗೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಫಲಕ ನೆಡಲು ನೆಲ ಮೆತ್ತಗಿರಬೇಕು, ಕಸ ಮೆತ್ತಗಿತ್ತು, ಅಷ್ಟೇ ಅದರಿಂದಾದ ಉಪಯೋಗ.

ಮುಸುರಿ ತಪ್ಪಿದ ಮೇಲೆ ಕಟ್ಟಿ ಸಾಕಿದ ಎಮ್ಮೆಯನ್ನು ಚಾಂದಬೀ ಆಪಾ ಬಿಟ್ಟು ಮೇಯಿಸಬೇಕಾಯಿತು. ಮೇಯುವುದಾದರೂ ಎಲ್ಲಿ? ಊರ ಸುತ್ತ ತೊಗರಿ ಹೊಲಗಳು. ಎಮ್ಮೆ ಬಾಯಿ ಹಾಕಿದರೆ ಹೊಲದವರು ಬಿಡುತ್ತಾರೆಯೇ? ಶಹಜಾದಿ ಅಲೆದು ಅಲೆದು ಸಂಜೆಗೆ ಹಸಿದುಕೊಂಡು ಬಂದು ಕೊಟ್ಟಿಗೆಯ ಮುಂದೆ ನಿಲ್ಲುತ್ತಿದ್ದಳು.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ಮನೆಗೆ ಬಂದೆವು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಳಿದಿದ್ದವು. ಪ್ರತಿ ವರ್ಷ ಅದು ಶಹಜಾದಿಯ ಪಾಲು. ಎಳ್ಳಮಾವಾಸ್ಯೆಯ ಮರುದಿನ ಚಾಂದಬೀ ಆಪಾ ಬಕೆಟ್ ಜೊತೆ ಒಂದು ಬುಟ್ಟಿಯನ್ನೂ ತರುತ್ತಿದ್ದರು, ವಾಪಸು ಹೋಗುವಾಗ "ಇವತ್ತ ನನ್ನ ಶಹಜಾದಿದು ಈದ್ ಅದ" ಅನ್ನುತ್ತಿದ್ದರು. ಈ ವರ್ಷ ಅವರು ಬರಲಿಲ್ಲ. ಕರೆದು ಕೊಡಲು ಹೆಂಗಸರಿಗೆ ಧೈರ್ಯ ಸಾಲಲಿಲ್ಲ; ನೋಟೀಸು ಅವರಿಗೆ ಬಂದಂತೆ ನಮಗೂ ಬಂದರೆ? ಮನೆಮನೆಯ ರೊಟ್ಟಿ ಕಡುಬು ಹಸಿರು ಚೀಲಕ್ಕೆ ಹೋಯಿತು, ಗಂಟು ಬಿತ್ತು, ಮರುದಿನ ಮುಂಜಾನೆ ನನ್ನ ಹಾಡು ಕೇಳಿದ ಕೂಡಲೇ ಎಲ್ಲರೂ ಎಸೆದರು. ಹೆಚ್ಚಿನವು ತಿರುವಿಗೇ ಬಿದ್ದವು. ಶಹಜಾದಿಗೆ ಆ ವಾಸನೆ ಗೊತ್ತು. ಹುಟ್ಟಿದಂದಿನಿಂದ ಉಂಡ ವಾಸನೆ. ಆದರೆ ಎಮ್ಮೆಗೆ ಗಂಟು ಬಿಚ್ಚಲು ಬರುವುದಿಲ್ಲ, ಮಾನ್ಯರೇ. ಚೀಲ ಸಮೇತ ತಿಂದಳು.

ಮೊದಲು ಮೆಲುಕು ನಿಂತಿತು. ಹಾಲು ಬತ್ತಿತು. ಹೊಟ್ಟೆ ಎಡಕ್ಕೆ ಉಬ್ಬಿ ಹಲಗೆಯಂತಾಯಿತು. ಚಾಂದಬೀ ಆಪಾ ಜೀರಿಗೆ ಕುದಿಸಿ ಕುಡಿಸಿದರು, ಇಂಗು ಕುಡಿಸಿದರು, ಕುತ್ತಿಗೆ ತಬ್ಬಿಕೊಂಡು "ಉಠ್ ಮಾಯ್, ಉಠ್, ಏಳವ್ವಾ" ಎಂದು ಬೇಡಿದರು. ಕೊನೆಗೆ ನಾನೇ ಪಶುವೈದ್ಯರನ್ನು ಕರೆದುಕೊಂಡು ಬಂದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ನಾವು ನಾಲ್ಕು ಜನ ಹಿಡಿದುಕೊಂಡು, ಮರಗಟ್ಟಿಸುವ ಸೂಜಿ ಕೊಟ್ಟು ಹೊಟ್ಟೆ ಕೊಯ್ದರು. ಭುಜದವರೆಗೆ ಕೈ ಹಾಕಿ ಹೊರಗೆಳೆದರು. ಚೀಲದ ಮೇಲೆ ಚೀಲ, ಒಂದಕ್ಕೊಂದು ಹೆಣೆದುಕೊಂಡು, ಹಗ್ಗದಂತೆ. ಎಲ್ಲ ಹಸಿರು.

ವೈದ್ಯರು ಒಂದನ್ನು ನೀರಿಗೆ ಅದ್ದಿ ಬಿಡಿಸಿ ಹಿಡಿದರು. ಏನು ಮುದ್ರಣ ಮಾಡಿಸಿದ್ದೀರಿ ಸ್ವಾಮಿ! ನನ್ನ ಅಂಗಡಿಯ ಲಗ್ನಪತ್ರಿಕೆ ಒಂದು ಮಳೆಗೆ ಮಸುಕಾಗುತ್ತದೆ. ನಿಮ್ಮ ಅಕ್ಷರ ಎಮ್ಮೆಯ ಹೊಟ್ಟೆಯಲ್ಲೂ ಅಳಿಸಿರಲಿಲ್ಲ. ಅವರು ಗಟ್ಟಿಯಾಗಿ ಓದಿದರು: "ಹಸಿಕಸ ಹಸಿರಿಗೆ, ಒಣಕಸ ನೀಲಿಗೆ..." ನಾಲ್ಕೂ ಸಾಲು ಓದಿ, ಪಾಪ, ದಣಿದ ಮನುಷ್ಯ, ಏನೋ ಒಂದು ಮಾತಾಡಬೇಕಲ್ಲ ಎಂದು ಅಂದರು:

"ಪ್ರಾಸ ಭಾರೀ ಕೂಡ್ಯಾದ್ರಿ. ಯಾರ್ ಬರ್ದಾರ ಇದು?"

ಕೊಟ್ಟಿಗೆಯಲ್ಲಿ ಅರ್ಧ ಓಣಿ ನಿಂತಿತ್ತು. ಶಿವಕಾಂತಾ ನೆಲ ನೋಡಿದಳು. ನಾನು ಎಮ್ಮೆಯ ಕೊಂಬು ಹಿಡಿದುಕೊಂಡಿದ್ದೆ, ಕೈ ಬಿಡುವಂತಿರಲಿಲ್ಲ, ಇಲ್ಲದಿದ್ದರೆ ಹೊರಗೆ ಹೋಗುತ್ತಿದ್ದೆ. ಆಗ ಚಾಂದಬೀ ಆಪಾ ನನ್ನ ಕಡೆ ಒಮ್ಮೆ ನೋಡಿ ಹೇಳಿದರು:

"ಯಾರೋ ಸರಕಾರದವರು ಬರ್ದಾರ್ರಿ ಸಾಹೇಬ್ರ. ನಮ್ಮ ಓಣಿಯವರು ಅಲ್ಲ."

ಮಾನ್ಯರೇ, ನಿಮ್ಮ ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿದ್ದಿರಿ. ನನ್ನ ಮಾನ ಮುಚ್ಚಿದ್ದು ಆ ಶಾಲು ಅಲ್ಲ.

ಶಹಜಾದಿ ಉಳಿದಿದ್ದಾಳೆ. ಇದನ್ನು ಹೇಳುವಾಗ ನೀವು ನಿಟ್ಟುಸಿರು ಬಿಡುವುದು ಬೇಡ, ಅದು ನಿಮ್ಮ ಪುಣ್ಯದಿಂದ ಅಲ್ಲ. ಹೊಲಿಗೆ ಹಾಕಿದ್ದಾರೆ, ಎದ್ದು ನಿಲ್ಲುತ್ತಾಳೆ, ಹಾಲು ಇಲ್ಲ. ಹಾಲು ಮರಳುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ವೈದ್ಯರು. ಮೆತ್ತನೆಯದನ್ನು ತಿನ್ನಿಸಿರಿ ಅಂದರು: ಗಂಜಿ, ತೌಡು, ಅಕ್ಕಿ ತೊಳೆದ ನೀರು, ನೆನೆಸಿದ ರೊಟ್ಟಿ. ಅಂದರೆ ಏನು? ಮುಸುರಿ. ನೀವು ನಿಷೇಧಿಸಿದ ಪದಾರ್ಥವನ್ನೇ ಅವರು ಔಷಧವೆಂದು ಬರೆದುಕೊಟ್ಟರು.

ಅದನ್ನು ಕೇಳಿದ ಮೇಲೆ ಓಣಿಯ ಹೆಂಗಸರಿಗೆ ನಿಮ್ಮ ಹೆದರಿಕೆ ಬಿಟ್ಟಿತು. ಗಡಿಗೆಗಳು ಮತ್ತೆ ಹಿತ್ತಲ ಬಾಗಿಲಿಗೆ ಬಂದವು. ಆದರೆ ಈಗ ಚಾಂದಬೀ ಆಪಾ ಬರುವುದಿಲ್ಲ. ಶಿವಕಾಂತಾ ತಾನೇ ಗಡಿಗೆ ಹೊತ್ತುಕೊಂಡು ಹೋದಳು. ಅವರು ಬಾಗಿಲು ಅರ್ಧ ತೆರೆದು ನಿಂತು ಹೇಳಿದರಂತೆ:

"ಬ್ಯಾಡ ಬೇ ಶಿವಕಾಂತಾ, ಒಯ್ಯಿ. ಮೊದಲ ಬಕೆಟ್ ಒಯ್ದಾರ. ಇನ್ನೊಮ್ಮಿ ಬಂದ್ರ ಎಮ್ಮಿ ಒಯ್ತಾರ. 'ಸಾಮಗ್ರಿ ಜಪ್ತಿ' ಅಂತ ನಿನ್ನ ಗಂಡನೇ ಓದಿ ಹೇಳ್ಯಾನ. ನನಗ ಸಾಮಗ್ರಿ ಅಂದ್ರ ಮತ್ತೇನ್ ಉಳದಾದ?"

ಶಿವಕಾಂತಾ ತುಂಬಿದ ಗಡಿಗೆ ವಾಪಸು ತಂದಳು. ಅದನ್ನು ನನ್ನ ಊಟದ ತಾಟಿನ ಪಕ್ಕಕ್ಕೆ ಇಟ್ಟು ತನ್ನ ಕೆಲಸಕ್ಕೆ ಹೋದಳು. ಜಗಳವಾದರೆ ಸಹಿಸಬಹುದಿತ್ತು.

ಹೀಗಾಗಿ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನೀವು ಯಾವಾಗ ಸಭೆಯಲ್ಲಿ ಇರುವುದಿಲ್ಲ ಎಂಬುದು ಆ ಸಭೆಗಳಿಗೂ ಗೊತ್ತಿರಲಿಕ್ಕಿಲ್ಲ. ನಿಮ್ಮ ಕೋಣೆಯ ಬಾಗಿಲು ಅರೆತೆರೆದಿತ್ತು. ಗೋಡೆಯ ಮೇಲಿನ ಎಸಿ ಸೋರುತ್ತಿತ್ತು. ಅದರ ಕೆಳಗೆ ನೀರು ಹಿಡಿಯಲು ಒಂದು ಬಕೆಟ್ ಇತ್ತು. ನಗ್ಗಿದ ಜರ್ಮನ್ ಬಕೆಟ್, ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದ್ದು. ಆ ಬಟ್ಟೆ ಚಾಂದಬೀ ಆಪಾ ಅವರ ಮಗಳ ನಿಕಾಹದ ಓಢಣಿಯ ತುಂಡು. ಆ ನಿಕಾಹದ ಪತ್ರಿಕೆ ಮಾಡಿದವನು ನಾನೇ, ಗುರುತು ಹಿಡಿಯದಿರುತ್ತೇನೆಯೇ? ನಿಮ್ಮ ಗುಮಾಸ್ತರನ್ನು ಕೇಳಿದೆ.

"ಅದು ಜಪ್ತಿ ಮಾಲ್ರಿ" ಅಂದರು. "ಜಪ್ತಿ ಮಾಲು ಸಾಹೇಬ್ರ ಕೋಣ್ಯಾಗ ಭದ್ರ ಇರ್ತದ."

"ನೀರು ಹಿಡೀಲಿಕತ್ತದಲ್ರಿ?"

"ಭದ್ರ ಇದ್ದುಕೊಂತನೇ ನೀರು ಹಿಡೀತದ್ರಿ. ಕುಂತು ಏನ್ ಮಾಡಬೇಕು ಅದು?"

"ವಾಪಸು ಕೊಡ್ರಿ."

"ಆದೇಶ ಬೇಕ್ರಿ."

"ಆದೇಶ ಯಾರು ಮಾಡಬೇಕು?"

"ಸಾಹೇಬ್ರು."

"ಸಾಹೇಬ್ರು ಎಲ್ಲಿ?"

"ಸಭ್ಯಾಗ." ಎಂದು ಅವರು ಕಡತಕ್ಕೆ ತಲೆ ಬಗ್ಗಿಸಿ, ಮತ್ತೆ ಎತ್ತಿ, ದನಿ ತಗ್ಗಿಸಿ ಕೇಳಿದರು: "ಎಸಿ ರಿಪೇರಿ ಮಾಡೋರು ನಿಮಗ ಯಾರರೆ ಗುರುತು ಅದಾರೇನ್ರಿ?"

ಈಗ ಹೇಳಿರಿ. ಚಾಂದಬೀ ಆಪಾ ಅವರ ಕೈಯಲ್ಲಿ ಇದ್ದಾಗ ಅನಧಿಕೃತವಾಗಿದ್ದ ಬಕೆಟ್ ನಿಮ್ಮ ಎಸಿಯ ಕೆಳಗೆ ಹೇಗೆ ಅಧಿಕೃತವಾಯಿತು? ಮುಸುರಿ ಹೊತ್ತರೆ ಅಪರಾಧ, ಸಾಹೇಬರ ಸೋರಿಕೆ ಹೊತ್ತರೆ ಸೇವೆಯೇ? ಬ್ಯಾಟರಿ ಬದಲಿಸಲು ಆಗದ ಕಚೇರಿಗೆ ಒಬ್ಬ ಹೆಂಗಸಿನ ಬದುಕು ಬದಲಿಸಲು ಇಷ್ಟು ಚುರುಕು ಎಲ್ಲಿಂದ ಬಂತು? ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮೇಲಿನಿಂದ ಒಂದು ಸುತ್ತೋಲೆ ಬಂದಿರುತ್ತದೆ, ಅದರಲ್ಲಿ ಎಮ್ಮೆಗೆ ಒಂದು ಕಾಲಂ ಇರಲಿಕ್ಕಿಲ್ಲ. ಸುತ್ತೋಲೆ ಬರೆದವರ ಓಣಿಯಲ್ಲಿ ಮುಸುರಿ ಕೇಳಿಕೊಂಡು ಬರುವವರು ಇಲ್ಲದಿರಬಹುದು. ಆದರೆ ನೀವು ಇಲ್ಲಿ ಕೂತಿದ್ದೀರಿ. ಎಮ್ಮೆಯ ಹಾಲಿನ ಚಹಾ ಕುಡಿಯುತ್ತೀರಿ. ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿಕೊಂಡು ಬರುತ್ತೀರಿ. ಕಿಟಕಿ ತೆರೆದರೆ ನಮ್ಮ ಗುಡ್ಡೆ ನಿಮಗೂ ಕಾಣುತ್ತದೆ. ಎಸಿ ಇರುವುದರಿಂದ ಕಿಟಕಿ ತೆರೆಯುವುದಿಲ್ಲ, ಅದೊಂದೇ ತೊಂದರೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಬೇರೆ ಊರಿನವರು ಕಸದ ಗಾಡಿ ಕಳಿಸಿರಿ ಎಂದು ಧರಣಿ ಕೂಡುತ್ತಾರೆ. ನಾವು ಅಷ್ಟು ಆಸೆಬುರುಕರಲ್ಲ. ಒಣಕಸಕ್ಕೆ ಗಾಡಿ ಬರಲಿ. ನಿಲ್ಲುವ ಬ್ಯಾಟರಿ ಹಾಕಿ ಕಳಿಸಿರಿ, ಆಗದಿದ್ದರೆ ನಾವೇ ಏರಿನಲ್ಲಿ ದಬ್ಬುತ್ತೇವೆ, ಹೇಗೂ ಓಡಿ ಓಡಿ ಕಾಲು ಗಟ್ಟಿಯಾಗಿವೆ. ನಮ್ಮ ಮುಸುರಿಯನ್ನು ಮಾತ್ರ ಮುಟ್ಟಬೇಡಿರಿ. ಚಾಂದಬೀ ಆಪಾ ಅವರಿಗೆ ಕೊಟ್ಟ ನೋಟೀಸನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಬರಹದಲ್ಲಿ ಕೊಡಿರಿ, ಕೆಳಗೆ ಅದೇ ಸಹಿ ಇರಲಿ. ಬಾಯಿಮಾತು ಅವರು ನಂಬುವುದಿಲ್ಲ. ನಿಮ್ಮ ಕಾಗದದಿಂದ ಬಂದ ಹೆದರಿಕೆ ನಿಮ್ಮ ಕಾಗದದಿಂದಲೇ ಹೋಗಬೇಕು. ತಿರುವಿನ ಗುಡ್ಡೆ ಎತ್ತಿಸಿರಿ, ಫಲಕವನ್ನು ಬೇಕಾದರೆ ನೆನಪಿಗೆ ಇಟ್ಟುಕೊಳ್ಳಿರಿ. ಬಕೆಟ್ಟನ್ನು ತೊಳೆದು ಕಳಿಸಿರಿ. ಅವರು ಕಾಲುಂಗುರವನ್ನು ತೊಳೆದೇ ಕೊಟ್ಟಿದ್ದರು.

ಕೊನೆಯದು ನನ್ನ ಹಾಡು. ಅದನ್ನು ಗಾಡಿಯಿಂದ ಇಳಿಸಿರಿ. ಹಾಡಿಲ್ಲದೆ ನಿಮ್ಮ ಗಾಡಿ ನಡೆಯುವುದೇ ಇಲ್ಲವೆಂದಾದರೆ ಹೊಸದೊಂದು ಬರೆದಿದ್ದೇನೆ, ಶಾಲು ಬೇಡ, ಹಾಗೇ ಬಳಸಿಕೊಳ್ಳಿರಿ:

ಬಂದೆವು ನಾವು, ನಿಲ್ಲುವುದಿಲ್ಲ,
ನಿಂತರೆ ಗಾಡಿ ಏಳುವುದಿಲ್ಲ;
ಕಸವೂ ನಿಮ್ಮದು, ಊರೂ ನಿಮ್ಮದು,
ಕೂಗುವ ಕೊರಳು ಮಾತ್ರ ನಮ್ಮದು.

ಹಳೆಯದನ್ನು ಇಳಿಸಿರಿ ಎನ್ನುವುದು ನನ್ನ ನಾಚಿಕೆಗೆ ಎಂದು ನೀವು ತಿಳಿಯಬಹುದು. ನಾಚಿಕೆಯದೇನು, ಅಭ್ಯಾಸವಾಗಿದೆ. ಕಾರಣ ಬೇರೆ ಇದೆ. ನಿನ್ನೆ ಮುಂಜಾನೆ ನಾನು ಚಾಂದಬೀ ಆಪಾ ಅವರ ಕೊಟ್ಟಿಗೆಯ ಹತ್ತಿರ ನಿಂತಿದ್ದೆ. ಶಹಜಾದಿ ಮಲಗಿದ್ದಳು, ಮುಂದಿಟ್ಟ ಒಣ ಜೋಳದ ಕಣಿಕೆ ಮುಟ್ಟಿರಲಿಲ್ಲ. ದೂರದಿಂದ ನಿಮ್ಮ ಗಾಡಿಯ ಸದ್ದು ಬಂತು. 'ಹಸಿಕಸ' ಎಂಬ ಮೊದಲ ಪದ ಕೇಳಿದ ಕೂಡಲೇ ಅವಳ ಕಿವಿ ನಿಮಿರಿದವು. ಹೊಲಿಗೆ ಬಿಗಿಯುತ್ತಿದ್ದರೂ ಮುಂಗಾಲು ಊರಿ ಎದ್ದಳು. ಕೊರಳಿಗೆ ಕಟ್ಟಿದ ಕಣ್ಣಿ ಜಗ್ಗುತ್ತ ತಿರುವಿನ ಕಡೆಗೆ ಕುತ್ತಿಗೆ ಚಾಚಿದಳು. ಆ ಹಾಡು ಬಂದ ಹಿಂದೆಯೇ ಊಟ ಬೀಳುತ್ತದೆ ಎಂದು ಅವಳು ಕಲಿತುಬಿಟ್ಟಿದ್ದಾಳೆ. ಚಾಂದಬೀ ಆಪಾ ಓಡಿ ಬಂದು ಎರಡೂ ಕೈಯಿಂದ ಅವಳ ಕಿವಿ ಮುಚ್ಚಿ ಹಿಡಿದು ನಿಂತರು, ಗಾಡಿ ದಾಟಿ ಹೋಗುವವರೆಗೂ.

ಮಾನ್ಯರೇ, ಈ ಊರಿನಲ್ಲಿ ನಿಮ್ಮ ಹಾಡನ್ನು ಇನ್ನೂ ನಂಬುವವಳು ಅವಳೊಬ್ಬಳೇ ಉಳಿದಿದ್ದಾಳೆ. ಕಣ್ಣಿ ಹಳೆಯದು. ಎಷ್ಟು ದಿನ ತಡೆಯುತ್ತದೋ ಗೊತ್ತಿಲ್ಲ. ಅದು ಹರಿಯುವ ಮೊದಲು ಹಾಡು ನಿಲ್ಲಿಸಿರಿ.

ಇಂತಿ,
ಎಮ್ಮೆಯ ಹೊಟ್ಟೆಯೊಳಗೂ ಪ್ರಕಟವಾದ,
ಎಲ್ಲಿಯೂ ಹೆಸರು ಹಾಕಬಾರದೆಂದು ಬೇಡುವ,
ನಾಗಣ್ಣ, ಬಿ.ಎ.
ಲಗ್ನಪತ್ರಿಕೆ ಅಂಗಡಿ, ಬಸ್‌ಸ್ಟ್ಯಾಂಡಿನ ಹಿಂದೆ
(ಏರಿನ ಓಣಿ, ನಿಮ್ಮ ಗಾಡಿ ನಿಲ್ಲದ ಕಡೆ)